ಸಾರಾಂಶಕ್ಕೆ ಮೊದಲು ಸೊಲ್ಲು



ಈ ಹೊತ್ತು ಶಾಲೆಯ ಪದ್ಯಪಾಠದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಹೇಳುವ ಮಾತು ಇವು. ಆದರೆ ಮನೆಯಲ್ಲಿ ಓದುವ ಮಕ್ಕಳಿರುವ ಅಪ್ಪ ಅವ್ವಂದಿರೂ ಕೇಳಿಸಿಕೊಂಡರೆ ಒಳ್ಳೆಯದು. ಮಾತು ಗಾಳಿಯಲ್ಲಿ ತೇಲಿಹೋಗದಿರಲಿ ಎಂದು ನಮ್ಮ ಚಾಮರಾಜನಗರ ಸೀಮೆಯ ಚಂದಕವಾಡಿಯಂಥ ಒಂದು ಹೋಬಳಿ ಊರಿನ ಶಾಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಸುತ್ತಲ ಹಳ್ಳಿಗಳಿಂದ ಮಕ್ಕಳು ನಡೆದೋ ಬಸ್ಸು ಹತ್ತಿಯೋ ಬರುವ, ಮಧ್ಯಾಹ್ನ ಬಿಸಿಯೂಟ ಉಂಡು, ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ತೂಕಡಿಸುವ ಶಾಲೆ. ಪದ್ಯಪಾಠ ಬರುವುದೂ ಬಹಳ ಸಲ ಆ ಪೀರಿಯಡ್ಡಿಗೇ.

ಪದ್ಯಪಾಠ ಹೇಗೆ ನಡೆಯುತ್ತದೆಂದು ನಿಮಗೆಲ್ಲ ಗೊತ್ತೇ ಇದೆ. ಮೊದಲು ಕವಿಪರಿಚಯ: ಹುಟ್ಟಿದ ಊರು, ಕಾಲ, ಕೃತಿಗಳು, ಪ್ರಶಸ್ತಿಗಳು. ಆಮೇಲೆ ಪದಗಳ ಅರ್ಥ. ಆಮೇಲೆ ಮೇಷ್ಟ್ರು ಒಂದು ಸಾಲು ಓದಿ, ನಿಂತು, ಅರ್ಥ ಹೇಳಿ, ಮುಂದಿನ ಸಾಲಿಗೆ ಹೋಗುತ್ತಾರೆ. ಬೋರ್ಡಿನ ಮೇಲೆ ಸಾರಾಂಶ ಮೂಡುತ್ತದೆ, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಕೊನೆಗೆ ಎಂಟು ಸಾಲು ಬಾಯಿಪಾಠ, ನಾಳೆ ಒಪ್ಪಿಸಬೇಕು. ಇದರಲ್ಲಿ ಮೇಷ್ಟ್ರನ್ನು ದೂರಿ ಫಲವಿಲ್ಲ. ಪದ್ಯ ಪೂರ್ಣಗೊಳಿಸಿ, ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ, ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಎಂದು ಪರೀಕ್ಷೆ ಕೇಳುತ್ತದೆ, ಕೇಳಿದ್ದಕ್ಕೆ ತಕ್ಕಂತೆ ಪಾಠ ಸಾಗುತ್ತದೆ.

ಇಷ್ಟೆಲ್ಲ ಆದ ಮೇಲೆಯೂ ಆ ಮಗು ಪದ್ಯವನ್ನು ಒಂದು ಸಲವಾದರೂ ಮೊದಲಿಂದ ಕೊನೆಯವರೆಗೆ, ತಡೆಯಿಲ್ಲದೆ, ಕಿವಿತುಂಬ ಕೇಳಿತೇ? ಬಹುಪಾಲು ತರಗತಿಗಳಲ್ಲಿ ಇಲ್ಲ. ಸಾರಾಂಶ ಬಂದಿದೆ, ಪದ್ಯ ಬಂದಿಲ್ಲ. ಸಾರಾಂಶ ಬರೆದ ಮಗುವಿಗೆ ಅಂಕ ಸಿಗುತ್ತದೆ, ನಿಜ. ಆದರೆ ಇದೇ ಮಾತನ್ನು ಕವಿ ಹೀಗೇಕೆ ಹೇಳಿದ, ನೇರವಾಗಿ ಹೇಳಬಹುದಿತ್ತಲ್ಲ ಎಂಬ ಪ್ರಶ್ನೆ ಅದರ ತಲೆಯಲ್ಲಿ ಏಳುವುದೇ ಇಲ್ಲ. ಆ ಪ್ರಶ್ನೆ ಏಳದ ಕಡೆ ಕವಿತೆಯ ಪಾಠ ಶುರುವಾಗಿಲ್ಲ ಅಂತಲೇ ಲೆಕ್ಕ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಸಲಹೆ ತೀರ ಸರಳ. ಮೊದಲು ಕೇಳಿಸಿ, ಆಮೇಲೆ ಹೇಳಿಸಿ, ಆಮೇಲೆ ಕಟ್ಟಿಸಿ. ಅರ್ಥ ಈ ಮೂರರ ನಡುವೆ ತಾನಾಗಿ ಬರುತ್ತದೆ, ಬಾರದಿದ್ದ ಕಡೆ ಮೇಷ್ಟ್ರು ಕೈಹಿಡಿದರೆ ಸಾಕು.

ಕೇಳಿಸುವುದರಿಂದ ಶುರು ಮಾಡೋಣ. ಮಕ್ಕಳು ಪುಸ್ತಕ ಮುಚ್ಚಿಕೊಂಡಿರಲಿ. ಮೇಷ್ಟ್ರು ಪದ್ಯವನ್ನು ಎರಡು ಸಲ ಓದಲಿ. ಒಂದು ಸಲ ರಾಗವಾಗಿ, ಇನ್ನೊಂದು ಸಲ ಮಾತಿನ ದನಿಯಲ್ಲಿ. ನಮ್ಮ ಶಾಲೆಗಳಲ್ಲಿ ಎಲ್ಲ ಪದ್ಯಕ್ಕೂ ಒಂದೇ ರಾಗ ಹಾಕುವ ರೂಢಿಯಿದೆ. ವಚನವಾಗಲಿ, ಷಟ್ಪದಿಯಾಗಲಿ, ಹೊಸಗವಿತೆಯಾಗಲಿ, ಸಾಲಿನ ಕೊನೆಯನ್ನು ಎಳೆದು ಎಳೆದು ಹೇಳುವ ಅದೇ ಎಳೆತ. ಮಾತಿನ ದನಿಯಲ್ಲಿ ಓದಿದಾಗ ಆ ಎಳೆತದಡಿ ಸಿಕ್ಕಿಬಿದ್ದಿದ್ದ ಕೋಪ, ತಮಾಷೆ, ಬೇಸರ ಎಲ್ಲ ಹೊರಬರುತ್ತವೆ. ಮೂರನೆಯ ಸಲ ಮಕ್ಕಳು ಇಬ್ಬಿಬ್ಬರಾಗಿ ಓದಲಿ. ಎಲ್ಲಿ ಉಸಿರು ತೆಗೆದುಕೊಂಡರೋ ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಲಿ. ಇದಾದ ಮೇಲೆ ಮೊದಲ ಪ್ರಶ್ನೆ, "ಇದರ ಅರ್ಥವೇನು?" ಎಂದು ಬೇಡ. "ಯಾವ ಮಾತು ನಿನ್ನ ಕಿವೀಲಿ ಉಳೀತು?" ಅಂತ ಕೇಳಿ. ಈ ಪ್ರಶ್ನೆಗೆ ತಪ್ಪು ಉತ್ತರವಿಲ್ಲ. ಎಂದೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗನೂ ಕೈ ಎತ್ತುತ್ತಾನೆ.

ನಡುಗನ್ನಡ, ಹಳಗನ್ನಡ ಪದ್ಯಕ್ಕೆ ಬಂದಾಗ ಗಮಕಿಗಳ ಪದ್ಧತಿ ನೆನಪಿಟ್ಟುಕೊಳ್ಳಬೇಕು. ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ವಾಚಕರು ಸಂಧಿಯಲ್ಲಿ ಅಂಟಿಕೊಂಡ ಮಾತುಗಳನ್ನು ಅರ್ಥ ತಿಳಿಯುವಂತೆ ಬಿಡಿಸಿ, ಭಾವಕ್ಕೆ ಒಪ್ಪುವ ರಾಗದಲ್ಲಿ ಹಾಡುತ್ತಾರೆ. ವ್ಯಾಖ್ಯಾನಕಾರರು ಅಷ್ಟುಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುತ್ತಾರೆ. ಅಕ್ಷರ ಬಾರದ ಜನ ಕುಮಾರವ್ಯಾಸನನ್ನು ರಾತ್ರಿಯೆಲ್ಲ ಕೂತು ಕೇಳಿದ್ದು ಹೀಗೆ. ತರಗತಿಯಲ್ಲಿ ಈ ಎರಡು ಕೆಲಸವನ್ನೂ ಒಬ್ಬರೇ ಮಾಡಬೇಕಾಗುತ್ತದೆ. ಆದರೂ ಎರಡನ್ನೂ ಒಟ್ಟಿಗೆ ಕಲಸದಿದ್ದರೆ ಅಷ್ಟರಮಟ್ಟಿಗೆ ಪದ್ಯ ಉಳಿಯುತ್ತದೆ.

ಈಗ ಛಂದಸ್ಸಿಗೆ ಬರೋಣ. ಪ್ರಸ್ತಾರ ಅಂದರೆ ಮಕ್ಕಳಿಗೆ ಗಣಿತದ ತಮ್ಮನಂತೆ ಕಾಣುತ್ತದೆ. ಲಘುವಿಗೊಂದು ಗುರುತು, ಗುರುವಿಗೊಂದು ಗುರುತು, ನಡುನಡುವೆ ಗೀಟು, ಕೊನೆಗೆ ಷಟ್ಪದಿಯ ಹೆಸರು. ಕಿವಿಗೆ ಇಲ್ಲಿ ಕೆಲಸವೇ ಇಲ್ಲ. ಇದನ್ನು ತಿರುಗಿಸಿ ನೋಡಿ. ಬಸ್ ನಿಲ್ದಾಣದಿಂದ ಪಾಠ ಶುರು ಮಾಡಿ. ಕಂಡಕ್ಟರು "ಗುಂಡ್ಲುಪೇಟೆ, ಗುಂಡ್ಲುಪೇಟೆ" ಅಂತ ಕೂಗುವುದನ್ನು ಮಕ್ಕಳೆಲ್ಲ ಕೇಳಿದ್ದಾರೆ. ಚಪ್ಪಾಳೆ ತಟ್ಟಿ ಹೇಳಿಸಿ: ಗುಂಡ್ಲು, ಪೇಟೆ. ಮೂರು ಮಾತ್ರೆ, ಮೂರು ಮಾತ್ರೆ. ತೆರಕಣಾಂಬಿಯನ್ನು ಹೇಳಿಸಿ: ತೆರಕ, ಣಾಂಬಿ. ಅದೂ ಮೂರು, ಮೂರು. ಚಾಮರಾಜನಗರವಂತೂ ಮೂರರ ಮೂರು ಹೆಜ್ಜೆ: ಚಾಮ, ರಾಜ, ನಗರ. ಈಗ ಚಂದಕವಾಡಿ ಹೇಳಲಿ: ಚಂದಕ, ವಾಡಿ. ನಾಲ್ಕು, ಮೂರು. ನಡಿಗೆ ಬದಲಾಯಿತು. ಇದೇ ನಡಿಗೆಯ ಇನ್ನೊಂದು ಊರು ಯಾವುದು ಅಂತ ಕೇಳಿ. ಯಾರಾದರೊಬ್ಬರು ಕೊಳ್ಳೇಗಾಲ ಅನ್ನುತ್ತಾರೆ: ಕೊಳ್ಳೇ, ಗಾಲ. ಅಷ್ಟುಹೊತ್ತಿಗೆ ಬೇಗೂರಿನ ಮಗು ಎದ್ದು ತನ್ನೂರು ಯಾವ ಗುಂಪಿಗೂ ಸೇರುವುದಿಲ್ಲವಲ್ಲ ಅನ್ನುತ್ತದೆ. ಹೌದು, ಬೇಗೂರು ಐದು ಮಾತ್ರೆ. ಅದಕ್ಕೂ ಒಂದು ಜಾಗ ಇದೆ, ಮುಂದಿನ ವಾರ ನೋಡೋಣ ಅನ್ನಿ. ಗುರು ಲಘುವಿನ ಗುರುತು ಹಾಕುವುದು ಇದರ ಮಾರನೆಯ ದಿನದ ಕೆಲಸ. ಕಿವಿ ಮೊದಲೇ ಎಣಿಸಿರುವುದನ್ನು ಕೈ ಬರೆದಿಡುತ್ತದೆ, ಅಷ್ಟೆ.

ಭಾಮಿನಿ ಷಟ್ಪದಿಯನ್ನೂ ಹೀಗೆಯೇ ಕೊಡಬಹುದು. ಮೂರು ನಾಲ್ಕು, ಮೂರು ನಾಲ್ಕು ಅನ್ನುವುದು ಅದರ ಕಿರುಸಾಲಿನ ನಡಿಗೆ. ಮೇಷ್ಟ್ರು ಒಂದು ಸಾಲು ತಾವೇ ಕಟ್ಟಿ ಬೋರ್ಡಿನ ಮೇಲೆ ಬರೆಯಲಿ. ಉದಾಹರಣೆಗೆ, "ಊರ ಮುಂದಣ ಕೆರೆಯ ಏರಿಯ" ಅಂತ. ಊರ, ಮುಂದಣ, ಕೆರೆಯ, ಏರಿಯ. ಮುಂದಿನ ಸಾಲು ಮಕ್ಕಳದು. ಅಳತೆ ತಪ್ಪುತ್ತದೆ, ನಗು ಬರುತ್ತದೆ, ಯಾರೋ ಒಂದು ಪದ ಕಿತ್ತು ಇನ್ನೊಂದು ಹಾಕುತ್ತಾರೆ. ಒದ್ದಾಡಿ ಒದ್ದಾಡಿ ಕೊನೆಗೆ "ಮೇಲೆ ನಿಂತರೆ ಬೆಟ್ಟ ಕಾಂಬುದು" ಅಂತ ಒಂದು ಸಾಲು ಕೂತರೆ ಇಡೀ ತರಗತಿಗೇ ಹಬ್ಬ. 'ಕಾಣುತ್ತದೆ' ಅನ್ನುವ ಮಾತು ಆ ಜಾಗದಲ್ಲಿ ಹಿಡಿಸಲಿಲ್ಲ, 'ಕಾಂಬುದು' ಹಿಡಿಸಿತು. ಹಳೆಯ ಕವಿಗಳು ಇಂಥ ರೂಪಗಳನ್ನು ಯಾಕೆ ಬಳಸುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇನ್ನು ಬರೆಯಿಸುವ ಮಾತು. "ಒಂದು ಕವನ ಬರೆಯಿರಿ" ಅಂತ ಬರಿಗೈಯಲ್ಲಿ ಹೇಳಿದರೆ ಮಕ್ಕಳು ಸೂರು ನೋಡುತ್ತಾ ಕೂರುತ್ತಾರೆ. ದೊಡ್ಡವರಾದರೂ ಅಷ್ಟೆ. ಅವರಿಗೊಂದು ಕಟ್ಟು ಕೊಡಬೇಕು, ಆ ಕಟ್ಟಿನೊಳಗೆ ಓಡಾಡಲು ಜಾಗ ಬಿಡಬೇಕು. ಈ ಕಟ್ಟನ್ನು ನಮ್ಮ ಸೀಮೆಯಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಇದೆ. ಮಂಟೇಸ್ವಾಮಿಯ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ಹೆಗಲಿಗೆ ತಂಬೂರಿ ಇದೆ. ಚಿಕ್ಕಲ್ಲೂರು ಜಾತ್ರೆಗೆ ಹೋದ ಮಗು, ಶಿವರಾತ್ರಿಗೆ ಅಪ್ಪನ ಹಿಂದೆ ಮಾದಪ್ಪನ ಬೆಟ್ಟಕ್ಕೆ ನಡೆದ ಮಗು ಈ ಹಾಡುಗಳನ್ನು ಕೇಳಿದೆ. ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳದವರು ಒಂದೇ ಸೊಲ್ಲನ್ನು ಮತ್ತೆ ಮತ್ತೆ ಹೇಳುತ್ತಾರೆ. ಅವರು ಸೊಲ್ಲು ಹೇಳುವ ಆ ಅರೆಗಳಿಗೆ ಮುಂದಾಳಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಮಾತು ಜೋಡಿಸಿಕೊಳ್ಳಲು ಸಿಗುವ ಬಿಡುವು. ರಾತ್ರಿಯಿಡೀ ಹಾಡುವ ಸಾವಿರಾರು ಸಾಲಿನ ಕಾವ್ಯ ನಿಂತಿರುವುದು ಆ ಬಿಡುವಿನ ಮೇಲೆ. ಬೆಟ್ಟದ ಸೋಲಿಗರ ಹಾಡುಗಳಲ್ಲೂ ಗುಂಪು ಹಿಡಿಯುವ ಪಲ್ಲವಿ ಇದೆ. ಯೋಚಿಸಲು ಬಿಡುವು, ಬೆನ್ನಿಗೆ ಹತ್ತು ಜನರ ದನಿ. ಹತ್ತು ವರ್ಷದ ಮಗುವಿಗೆ ಕವಿತೆ ಕಟ್ಟಲು ಬೇಕಾದದ್ದೂ ಇವೇ ಎರಡು.

ಒಂದು ಪಾಠ ಹೇಗೆ ನಡೆಯಬಹುದು ಅಂತ ಹೇಳುತ್ತೇನೆ. ಮೇಷ್ಟ್ರು ಒಂದು ಸೊಲ್ಲು ಕೊಡುತ್ತಾರೆ: "ನಮ್ಮೂರ ದಾರೀಲಿ ಏನೇನು ಕಂಡೆ?" ಇಡೀ ತರಗತಿ ಅದನ್ನು ಹೇಳುತ್ತದೆ. ಒಬ್ಬೊಬ್ಬರಾಗಿ ಎದ್ದು ತಾವು ಕಂಡದ್ದನ್ನು ಸೇರಿಸುತ್ತಾರೆ. ಮೊದಲ ಸುತ್ತಿನಲ್ಲಿ ಬರುವುದು ಮರ ಕಂಡೆ, ದನ ಕಂಡೆ, ಬಸ್ಸು ಕಂಡೆ. ಬರಲಿ. ಎರಡನೆಯ ಸುತ್ತಿಗೆ ಒಂದು ನಿಯಮ: ಸಾಲಿನಲ್ಲಿ ಒಂದು ಬಣ್ಣವೋ ಸದ್ದೋ ವಾಸನೆಯೋ ಇರಬೇಕು. ಈಗ ಅರಿಶಿನ ಬೇಯಿಸುವ ಕೊಪ್ಪರಿಗೆಯ ಹೊಗೆ ಬರುತ್ತದೆ. ಕರಿಕಲ್ಲು ಕೊರೆಯುವ ಮಿಷಿನ್ನಿನ ಸದ್ದು ಬರುತ್ತದೆ. ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದಾಗುತ್ತದೆ ಅಂತ ರೇಷ್ಮೆ ಸಾಕುವ ಮನೆಯ ಮಗು ಹೇಳುತ್ತದೆ. ಮೂರನೆಯ ಸುತ್ತಿಗೆ ಇನ್ನೊಂದು ನಿಯಮ: ಕಂಡದ್ದು ಸುಮ್ಮನೆ ಇರಬಾರದು, ಏನಾದರೂ ಮಾಡುತ್ತಿರಬೇಕು. "ಈರುಳ್ಳಿ ಮೂಟೆ ಮೇಲೆ ಮಲಗಿ ಲಾರೀಲಿ ಹೋಗೋ ಮಾವನ ಕಂಡೆ." ನಲವತ್ತು ಮಕ್ಕಳು, ನಲವತ್ತು ಸಾಲು, ನಡುವೆ ಸೊಲ್ಲು. ಪೀರಿಯಡ್ಡು ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲೆ ಒಂದು ಕವಿತೆ ಇರುತ್ತದೆ. ಅದು ಯಾರೊಬ್ಬರದೂ ಅಲ್ಲದ್ದರಿಂದ ಯಾರಿಗೂ ನಾಚಿಕೆಯಿಲ್ಲ. ಮುಂದಿನ ವಾರ ತಮ್ಮದೇ ಸೊಲ್ಲು ಹಿಡಿದು ಒಬ್ಬೊಬ್ಬರೇ ಬರೆಯಬಹುದು.

ಕಡಲಾಚೆಯ ಒಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ. ಕೆನೆತ್ ಕೋಕ್ ಎಂಬ ಅಮೆರಿಕದ ಕವಿ 1968ರಲ್ಲಿ ನ್ಯೂಯಾರ್ಕ್ ನಗರದ ಪಿ.ಎಸ್. 61 ಎಂಬ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಂದ ಕವಿತೆ ಬರೆಸಲು ತೊಡಗಿದ. ಪ್ರತಿಯೊಂದು ಮಗುವೂ ತನ್ನ ಒಂದು ಆಸೆಯನ್ನು ಒಂದು ಸಾಲಿನಲ್ಲಿ ಹೇಳಬೇಕು, ಎಲ್ಲ ಸಾಲೂ ಒಂದೇ ಮಾತಿನಿಂದ ಶುರುವಾಗಬೇಕು, ಎಲ್ಲವೂ ಸೇರಿದರೆ ಒಂದು ಕವಿತೆ. ಅವನೂ ಶುರು ಮಾಡಿದ್ದು ಹೀಗೆ, ಸಾಲು ಕೂಡಿಸುವುದರಿಂದಲೇ. ಪ್ರಾಸ ಬೇಡ ಅಂತ ಅವನು ಮಕ್ಕಳಿಗೆ ಹೇಳುತ್ತಿದ್ದ. ಆ ಅನುಭವದ ಪುಸ್ತಕ 1970ರಲ್ಲಿ ಬಂದು ಅಲ್ಲಿನ ಮೇಷ್ಟ್ರುಗಳ ಕೈಗೆ ಒಂದು ದಾರಿ ಕೊಟ್ಟಿತು. ದೇವರಗುಡ್ಡರನ್ನು ಅವನು ಕಂಡವನಲ್ಲ. ಆದರೂ ಅವನ ತರಗತಿಯ ಬೆನ್ನಿಗಿದ್ದದ್ದೂ ಒಂದು ಬಗೆಯ ಸೊಲ್ಲೇ.

ಪ್ರಾಸ ಬೇಡ ಎಂದನಲ್ಲ, ಅದರ ಬಗ್ಗೆ ಒಂದು ಮಾತು. ನಮ್ಮ ಮಕ್ಕಳು ಕವನ ಬರೆಯಲು ಕೂತರೆ ಮೊದಲು ಹೊಳೆಯುವುದು ಪ್ರಾಸ. ಹಸಿರು ಅಂದರೆ ಉಸಿರು, ನಾಡು ಅಂದರೆ ಕಾಡು, ತಾಯಿ ಅಂದರೆ ಕಾಯಿ. ಪ್ರಾಸ ಸಿಕ್ಕಿತೆಂದು ಮಗು ಹಿಗ್ಗುತ್ತದೆ, ಹೇಳಬೇಕಿದ್ದ ಮಾತು ಅಲ್ಲೇ ಕಳೆದುಹೋಗುತ್ತದೆ. ಪ್ರಾಸದ ಖುಷಿ ಇರಲಿ, ಅದಕ್ಕೆಂದೇ ಬೇರೆ ಪೀರಿಯಡ್ಡು ಇರಲಿ. ಆದರೆ ಮೊದಲ ಬರವಣಿಗೆಯಲ್ಲಿ ಅದನ್ನು ದೂರ ಇಡಿ. 'ಅವ್ವ' ಅಂತ ವಿಷಯ ಕೊಟ್ಟು ನೋಡಿ. ಅವ್ವ ದೇವರು, ಅವ್ವ ಮಮತೆಯ ಕಡಲು, ಅವ್ವ ತ್ಯಾಗಮೂರ್ತಿ, ಹೀಗೆ ಎಲ್ಲರೂ ಬರೆಯುತ್ತಾರೆ. ಆ ಅವ್ವ ಯಾರ ಮನೆಯಲ್ಲೂ ಇಲ್ಲ. ಅದರ ಬದಲು "ನಿಮ್ಮವ್ವನ ಕೈ ಏನೇನು ಮಾಡುತ್ತೆ? ಅವ್ವ ಯಾವಾಗ ಮಾತಾಡಲ್ಲ?" ಅಂತ ಕೇಳಿ. ಹೂ ಕಟ್ಟುವ ಮನೆಯ ಹುಡುಗಿ ಹೀಗೆ ಬರೆದಾಳು: "ಹೂ ಕಟ್ಟುವಾಗ ನಮ್ಮವ್ವ ಮಾತಾಡದಿಲ್ಲ, ದಾರವ ಹಲ್ಲಲ್ಲಿ ಕಚ್ಕಂಡಿರ್ತಳ." ಇದು ಕವಿತೆ. ಇದರಲ್ಲಿ ಮಮತೆ ಅನ್ನುವ ಪದವಿಲ್ಲ, ಕಡಲೂ ಇಲ್ಲ, ಅವ್ವ ಮಾತ್ರ ಇದ್ದಾಳೆ.

ಈ ಸಾಲನ್ನು ಏನು ಮಾಡುತ್ತೀರಿ? ಕೆಂಪು ಪೆನ್ನು ತೆಗೆದು 'ಕಚ್ಚಿಕೊಂಡಿರುತ್ತಾಳೆ' ಎಂದು ತಿದ್ದುತ್ತೀರಾ? ದಯವಿಟ್ಟು ಬೇಡ. ಗ್ರಂಥಭಾಷೆ ಕಲಿಸುವುದಕ್ಕೆ ಪ್ರಬಂಧವಿದೆ, ಪತ್ರಲೇಖನವಿದೆ, ಅರ್ಜಿಯಿದೆ. ಅಲ್ಲೆಲ್ಲ ಖಂಡಿತ ತಿದ್ದಿ. ಕವಿತೆಯ ಹಾಳೆಯಲ್ಲಿ ಮಾತ್ರ ಒಂದು ಪ್ರಶ್ನೆ ಬರೆಯಿರಿ: "ಯಾವ ಹೂ? ಕಾಕಡವಾ, ಕನಕಾಂಬರವಾ?" ತಿದ್ದಿದ ಹಾಳೆಯನ್ನು ಮಗು ಮಡಚಿ ಇಡುತ್ತದೆ. ಪ್ರಶ್ನೆ ಇರುವ ಹಾಳೆಯನ್ನು ಮತ್ತೆ ಬರೆಯುತ್ತದೆ.

ಆಡುಮಾತಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಕೇಳುವವರಿಗೆ ನಮ್ಮ ಸೀಮೆಯ ನಂಟಿನ ಒಬ್ಬ ಮೇಷ್ಟ್ರನ್ನೇ ತೋರಿಸುತ್ತೇನೆ. ಜಿ.ಪಿ. ರಾಜರತ್ನಂ ಅವರ ಹಿರಿಯರು ಗುಂಡ್ಲುಪೇಟೆಯಲ್ಲಿ ನೆಲೆಸಿದ್ದ ವೈದ್ಯ ಮನೆತನದವರು. ಜಿ.ಪಿ. ಅನ್ನುವುದರಲ್ಲಿ ಇರುವುದು ಗುಂಡ್ಲು ಪಂಡಿತರ ಹೆಸರು. ಎಂ.ಎ. ಮಾಡಿಕೊಂಡ ರಾಜರತ್ನಂ, ತಂದೆಗೆ ನೆರವಾಗಲೆಂದು ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಅಲ್ಲಿ ಪಠ್ಯದಲ್ಲಿದ್ದ ಶಿಶುಪದ್ಯಗಳು ಅವರಿಗೆ ರುಚಿಸಲಿಲ್ಲ. ಗೊಣಗಿಕೊಂಡು ಕೂರದೆ ತಾವೇ ಬರೆದರು. 'ತುತ್ತೂರಿ' ಬಂದದ್ದು ಹಾಗೆ. ಅದರ ಪದ್ಯಗಳು ಬಾರದ ಕನ್ನಡದ ಮಗು ಇವತ್ತಿಗೂ ಅಪರೂಪ. ಅದೇ ರಾಜರತ್ನಂ 'ರತ್ನನ ಪದಗಳು' ಬರೆದು, ಕುಡುಕನ ಬಾಯಿಯ ಒಡೆದ ಮಾತಿನಲ್ಲೇ ಒಳ್ಳೆಯ ಕವಿತೆ ಕಟ್ಟಬಹುದು ಅಂತ ತೋರಿಸಿದರು. ಅವರಿಗೂ ಮುಂಚೆ, ದಕ್ಷಿಣ ಕನ್ನಡದಲ್ಲಿ ಮೇಷ್ಟ್ರೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಪಂಜೆ ಮಂಗೇಶರಾಯರು ಮಾಡಿದ್ದೂ ಮಕ್ಕಳಿಗೆ ಪದ್ಯ ಕಟ್ಟುವ ಇದೇ ಕೆಲಸ. ಕಾಸರಗೋಡಿನ ಪೆರಡಾಲದಲ್ಲಿ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈ ಕವಿಯೂ ಹೌದು, ಮೇಷ್ಟ್ರೂ ಹೌದು. ಕನ್ನಡದ ಮಕ್ಕಳ ಪದ್ಯ ಬೆಳೆದದ್ದೇ ತರಗತಿಯ ಕರಿಹಲಗೆಯ ಪಕ್ಕದಲ್ಲಿ.

ಇನ್ನೂ ಹಿಂದಕ್ಕೆ ಹೋದರೆ ಯಳಂದೂರಿನ ಹೊನ್ನಮ್ಮ ಸಿಗುತ್ತಾಳೆ. ಚಿಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅವರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು ಈಕೆ. ರಾಣಿ ದೇವಾಜಮ್ಮಣ್ಣಿಯ ಒತ್ತಾಸೆ ಸಿಕ್ಕಿತು, ಸಿಂಗರಾರ್ಯನಂಥ ಗುರು ಸಿಕ್ಕಿದ, 'ಹದಿಬದೆಯ ಧರ್ಮ' ಎಂಬ ಕಾವ್ಯ ಹುಟ್ಟಿತು. ಅದು ಸಾಂಗತ್ಯದಲ್ಲಿದೆ. ಹಾಡಿಕೊಳ್ಳಲು ಬರುವ ಮಟ್ಟು ಅದು, ಹೆಂಗಸರ ಬಾಯಲ್ಲಿ ನಲಿಯುವ ಮಟ್ಟು. ಸಂಚಿ ಹಿಡಿದ ಕೈಗೆ ಓಲೆ ಬರೆಯುವ ಕಂಠ ಹಿಡಿಯಲು ಯಾರೋ ಹೇಳಿದ್ದರಿಂದ ನಮಗೊಬ್ಬಳು ಕವಿ ದಕ್ಕಿದಳು. ಯಾವ ಮಗು ಬರೆಯಬಲ್ಲದು, ಯಾವುದು ಬರೆಯಲಾರದು ಅಂತ ಹಾಜರಿ ಪುಸ್ತಕ ನೋಡಿ ನಿರ್ಧರಿಸುವ ನಮಗೆಲ್ಲ ಹೊನ್ನಮ್ಮ ಒಂದು ಎಚ್ಚರಿಕೆ.

ನಮ್ಮ ಕಾಲದ ಮಾತು ಬೇಕಿದ್ದರೆ ಮೂಡ್ನಾಕೂಡು ಚಿನ್ನಸ್ವಾಮಿಯವರಿದ್ದಾರೆ. ಚಾಮರಾಜನಗರ ತಾಲ್ಲೂಕಿನ ಮೂಡ್ನಾಕೂಡಿನವರು, 2022ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ 'ನಾನೊಂದು ಮರವಾಗಿದ್ದರೆ' ಕವಿತೆಯನ್ನು ಹೈಸ್ಕೂಲು ಮಕ್ಕಳಿಗೆ ಓದಿ ಹೇಳಿ. ಮರವಾಗಿದ್ದರೆ ಹಕ್ಕಿಯಾಗಲಿ ದನವಾಗಲಿ ಜಾತಿ ಕೇಳುತ್ತಿರಲಿಲ್ಲ ಅನ್ನುವ ನೋವಿನಿಂದ ಎದ್ದ ಕವಿತೆ ಅದು. ಓದಿದ ಮೇಲೆ 'ಆಗಿದ್ದರೆ' ಅನ್ನುವ ಆ ಕಟ್ಟನ್ನು ಮಕ್ಕಳಿಗೆ ಬಿಟ್ಟುಕೊಡಿ. ಒಬ್ಬ ಬಂಡೀಪುರದ ಆನೆಯಾಗುತ್ತಾನೆ, ಒಬ್ಬಳು ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಸೂರ್ಯಕಾಂತಿಯಾಗಿ ಕಾರು ನಿಲ್ಲಿಸಿ ಫೋಟೊ ಹಿಡಿಯುವವರನ್ನು ನೋಡುತ್ತಾಳೆ. ಇನ್ನೊಬ್ಬ ಏನೂ ಆಗದೆ, ತಾನು ತಾನೇ ಆಗಿರಲು ಬಿಟ್ಟರೆ ಸಾಕು ಅಂತ ಬರೆಯಬಹುದು. ಅಂಥ ಸಾಲು ಬಂದಾಗ ತರಗತಿಯ ಮುಂದೆ ಓದಿಸುವ ಆತುರ ಬೇಡ. ಮಗುವನ್ನು ಕೇಳಿ, ಅದು ಒಪ್ಪಿದರೆ ಮಾತ್ರ ಓದಿಸಿ.

"ಇದಕ್ಕೆಲ್ಲ ಹೊತ್ತೆಲ್ಲಿದೆ, ಪೋರ್ಷನ್ ಮುಗಿಸಬೇಕಲ್ಲ" ಅನ್ನುವ ಮಾತು ನನ್ನ ಕಿವಿಗೆ ಈಗಲೇ ಬೀಳುತ್ತಿದೆ. ಆ ಕಷ್ಟ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದು ಹದಿನೈದು ದಿನಕ್ಕೊಂದು ಪೀರಿಯಡ್ಡು. ಊರ ಹೆಸರಿನಲ್ಲಿ ಮಾತ್ರೆ ಎಣಿಸಿದ ಮಗುವಿಗೆ ಪ್ರಸ್ತಾರವನ್ನು ಮತ್ತೆ ಮತ್ತೆ ಹೇಳಿಕೊಡಬೇಕಾಗುವುದಿಲ್ಲ. ಮೂರು ಸಲ ಕಿವಿತುಂಬ ಕೇಳಿದ ಪದ್ಯ ಅರ್ಧ ಬಾಯಿಪಾಠವಾಗಿಯೇ ಇರುತ್ತದೆ. ಕಳೆದ ಹೊತ್ತು ಬಡ್ಡಿ ಸಮೇತ ವಾಪಸು ಬರುತ್ತದೆ. ಚೀಲವಿಲ್ಲದೆ ಮಕ್ಕಳು ಬರುವ ಸಂಭ್ರಮ ಶನಿವಾರವಂತೂ ಇದಕ್ಕೆ ಹೇಳಿ ಮಾಡಿಸಿದ ದಿನ. ಪ್ರತಿಭಾ ಕಾರಂಜಿ ಬಂದಾಗ ಚೆನ್ನಾಗಿ ಹಾಡುವ ಒಂದಿಬ್ಬರನ್ನು ಆರಿಸಿ ತಯಾರು ಮಾಡುತ್ತೇವೆ, ಮಾಡಲೇಬೇಕು. ಉಳಿದವರಿಗೆ ಗೋಡೆ ಪತ್ರಿಕೆ ಇರಲಿ. ಒಂದು ಡ್ರಾಯಿಂಗ್ ಶೀಟು, ಒಂದಿಷ್ಟು ಗೋಂದು ಸಾಕು. ಅದರಲ್ಲಿ ಬಹುಮಾನವಿಲ್ಲ, ಅದಕ್ಕೇ ಎಲ್ಲರಿಗೂ ಜಾಗ ಇದೆ.

ಅಪ್ಪ ಅವ್ವಂದಿರಿಗೂ ಒಂದು ಮಾತಿದೆ. ಮಗು ಬರೆದದ್ದನ್ನು ತೋರಿಸಿದಾಗ "ಇದಕ್ಕೆ ಎಷ್ಟು ಮಾರ್ಕ್ಸ್?" ಅನ್ನಬೇಡಿ. "ಓದು, ಕೇಳ್ತೀನಿ" ಅನ್ನಿ. ನಿಮಗೆ ಸೋಬಾನೆ ಪದವೋ, ಒಗಟೋ, ಮಾದಪ್ಪನ ಹಾಡಿನ ನಾಲ್ಕು ಸಾಲೋ ಬರುತ್ತಿದ್ದರೆ ಪ್ರತಿಯಾಗಿ ಅದನ್ನು ಹೇಳಿ. ಗಡಿಯಾಚೆ ತಾಳವಾಡಿ ಸೀಮೆಯಲ್ಲಿ ಮನೆಮಾತು ಕನ್ನಡವಾಗಿದ್ದು, ಶಾಲೆಯಲ್ಲಿ ತಮಿಳನ್ನೂ ಕಲಿಯುವ ಮಕ್ಕಳಿದ್ದಾರೆ. ಅಂಥ ಮನೆಗಳಲ್ಲಿ ಈ ಹಾಡು ಒಗಟುಗಳೇ ಕನ್ನಡದ ಮೊದಲ ಪಾಠ.

ಕೊನೆಯದಾಗಿ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಷರತ್ತು. ಮಕ್ಕಳು ಬರೆಯುವ ಹೊತ್ತಿನಲ್ಲಿ ನೀವು ಹಾಜರಿ ಪುಸ್ತಕ ತುಂಬುತ್ತಾ ಕೂರಬೇಡಿ. ಅದೇ ವಿಷಯದ ಮೇಲೆ, ಅದೇ ನಿಯಮಕ್ಕೆ ಒಳಪಟ್ಟು ನೀವೂ ಬರೆಯಿರಿ. ಹತ್ತು ನಿಮಿಷ ಆದ ಮೇಲೆ ಮೊದಲು ನಿಮ್ಮದನ್ನೇ ಓದಿ. ಅದು ಅಷ್ಟಕ್ಕಷ್ಟೇ ಆಗಿದ್ದರೆ ಇನ್ನೂ ಒಳ್ಳೆಯದು. ಮೇಷ್ಟ್ರೇ ಇಷ್ಟು ತಡವರಿಸುತ್ತಾರೆ ಅಂದಮೇಲೆ ತಾವು ಯಾಕೆ ಹೆದರಬೇಕು ಅಂತ ಮಕ್ಕಳು ಪೆನ್ನು ಹಿಡಿಯುತ್ತಾರೆ. ಬರುವ ಸೋಮವಾರ ಒಂದು ಪೀರಿಯಡ್ಡು ಮಾಡಿ ನೋಡಿ. ಸೊಲ್ಲು ಯಾವುದು ಅನ್ನುವುದು ನಿಮಗೆ ಬಿಟ್ಟದ್ದು.